ಟ್ರ್ಯಾಕ್ಟರ್ ಕಾಯಲಿಲ್ಲ: ಮೆಮೊರಿ ಕಾರ್ಡಿನ ಮೇಲಿನ ಅಂಕಿಗಳ ಕಥೆ

2019ರ ಆಗಸ್ಟ್ ತಿಂಗಳು. ಮಲಪ್ರಭೆ ಊರೊಳಗೆ ಬಂದಿತ್ತು. ದಂಡೆಯ ಒಂದು ಹಳ್ಳಿಯ ಸರಕಾರಿ ಶಾಲೆಯ ಕಟ್ಟೆಯ ಮೇಲೆ ಫೋನ್ ಹಿಡಿದುಕೊಂಡು ಕೂತಿದ್ದೆ. ಕರೆಂಟ್ ಹೋಗಿ ಎರಡು ದಿನ ಆಗಿತ್ತು, ಟವರ್ ಸತ್ತಿತ್ತು. ಬೆಳಗಿನಿಂದ ತೆಗೆದ ನಲವತ್ತು ವಿಡಿಯೊ ತುಣುಕು ಮತ್ತು ಏಳುನೂರರಷ್ಟು ಫೋಟೊ ಫೋನಿನ ಒಳಗೇ ಇದ್ದವು. ಅವನ್ನು ಮೆಮೊರಿ ಕಾರ್ಡಿಗೆ ಸಾಗಿಸಿ, ಆ ಕಾರ್ಡನ್ನು ತಾಲ್ಲೂಕಿಗೆ ಹೊರಟಿದ್ದ ಟ್ರ್ಯಾಕ್ಟರಿನವರ ಕೈಗೆ ಕೊಡುವುದು ಲೆಕ್ಕ. ಅಲ್ಲಿ ನಮ್ಮ ಬ್ಯಾಚಿನ ಗೆಳೆಯನೊಬ್ಬ ಲ್ಯಾಪ್‌ಟಾಪ್ ಇಟ್ಟುಕೊಂಡು ಕಾಯುತ್ತಿದ್ದ. ಫೋನನ್ನೇ ಕೊಟ್ಟು ಕಳಿಸೋಣವೆಂದರೆ ಸಂಜೆಯ ಕೆಲಸ ಬಾಕಿ ಇತ್ತು.

ಒಟ್ಟು 6 ಜಿಬಿ. ಕಾರ್ಡಿನ ಪೊಟ್ಟಣದ ಮೇಲೆ ದಪ್ಪ ಅಕ್ಷರದಲ್ಲಿ ಸೆಕೆಂಡಿಗೆ 80 ಎಂಬಿ ಅಂತ ಬರೆದದ್ದು ನೆನಪಿತ್ತು. ಹಾಗಾದರೆ 77 ಸೆಕೆಂಡು. ಒಂದು ಕಪ್ ಚಹಾ ಕುಡಿಯುವುದರೊಳಗೆ ಮುಗಿಯಬೇಕು.

ಅರ್ಧ ತಾಸಾದರೂ ಗೆರೆ ಅರ್ಧಕ್ಕೂ ಬಂದಿರಲಿಲ್ಲ. ಟ್ರ್ಯಾಕ್ಟರ್ ಓಡಿಸುವವರು ಎರಡು ಸಲ ಬಂದು ನೋಡಿ ಹೋದರು. ಮೂರನೇ ಸಲ ಬಂದಾಗ, "ಏನ್ರೀ, ಇನ್ನೂ ಆಗ್ಲಿಲ್ಲೇನ್ರಿ? ನೀರ ಏರಾಕತ್ತೈತ್ರಿ, ಹಳ್ಳ ದಾಟಬೇಕ್ರಿ ನಾವ" ಅಂದರು. ಐವತ್ತು ನಿಮಿಷಕ್ಕೆ ನಾನೇ ಸಹನೆ ಕಳೆದುಕೊಂಡು, ಕೆಲಸ ರದ್ದು ಮಾಡಿ, ಕಾರ್ಡ್ ಕಿತ್ತು ಕೊಟ್ಟೆ. ಆ ಕೊನೆಯ ಗಡಿಬಿಡಿಯಲ್ಲಿ ಏನು ಕಳೆದುಕೊಂಡೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಮನೆಗೆ ಬಂದಮೇಲೆ ಮೊದಲು ಬಂದ ಅನುಮಾನ, ಕಾರ್ಡು ನಕಲಿ ಇರಬೇಕು ಅಂತ. ಪರೀಕ್ಷೆ ಮಾಡಿದರೆ ಅಸಲಿಯೇ. ಪೊಟ್ಟಣದ ಮೇಲಿನ ಮಾತೂ ಸುಳ್ಳಲ್ಲ. ಹಾಗಿದ್ದರೆ 77 ಸೆಕೆಂಡು ಐವತ್ತು ನಿಮಿಷ ಆಗಿದ್ದು ಹೇಗೆ? ಇದನ್ನು ಬೆನ್ನು ಹತ್ತಿ ಹೋದಾಗ ಸಿಕ್ಕಿದ್ದು ನಲವತ್ತು ವರ್ಷದ ಇತಿಹಾಸ. ಕಾರ್ಡಿನ ಉಗುರಗಲದ ಮೈಮೇಲೆ ಇರುವ ಒಂದೊಂದು ಅಂಕಿಯೂ ಒಂದೊಂದು ಕಾಲದಲ್ಲಿ, ಒಂದೊಂದು ಬೇರೆ ಕೆಲಸಕ್ಕೆ ಹುಟ್ಟಿದ್ದು. ನಮ್ಮ ಕೆಲಸಕ್ಕೆ ಹುಟ್ಟಿದ್ದು ಬಹಳ ಕಡಿಮೆ.

ಮೊದಲು ಪಾಟಿಯ ಕಥೆ. ಜಪಾನಿನ ತೊಶಿಬಾ ಕಂಪನಿಯಲ್ಲಿ ಫುಜಿಯೊ ಮಸುವೊಕಾ ಅನ್ನುವ ಎಂಜಿನಿಯರ್ ಇದ್ದರು. ಕರೆಂಟ್ ಹೋದರೂ ಬರೆದದ್ದನ್ನು ಮರೆಯದ ಚಿಪ್ಪುಗಳು ಅವರಿಗಿಂತ ಮೊದಲೇ ಇದ್ದವು. ಆದರೆ ಒಂದು ಬಗೆಯವನ್ನು ಅಳಿಸಬೇಕೆಂದರೆ ಅತಿನೇರಳೆ ಬೆಳಕಿಗೆ ಹಿಡಿಯಬೇಕಿತ್ತು. ವಿದ್ಯುತ್ತಿನಿಂದಲೇ ಅಳಿಸುವ ಇನ್ನೊಂದು ಬಗೆ ದುಬಾರಿ, ಅದರಲ್ಲಿ ಒಂದೊಂದು ಅಕ್ಷರವನ್ನು ಬೇರೆ ಬೇರೆಯಾಗಿ ಅಳಿಸಲು ಹೆಚ್ಚು ಜಾಗ ಬೇಕಾಗುತ್ತಿತ್ತು. ಒಂದೊಂದಾಗಿ ಅಳಿಸುವ ಸೌಕರ್ಯವನ್ನೇ ಬಿಟ್ಟುಕೊಟ್ಟರೆ ಚಿಪ್ಪು ಚಿಕ್ಕದೂ ಅಗ್ಗವೂ ಆಗುತ್ತದೆ ಅನ್ನುವುದು ಮಸುವೊಕಾ ಕಂಡುಕೊಂಡ ದಾರಿ. ಬರೆಯುವುದು ಸಣ್ಣ ಸಣ್ಣದಾಗಿ, ಅಳಿಸುವುದು ಮಾತ್ರ ಇಡೀ ಭಾಗವನ್ನು ಒಟ್ಟಿಗೆ. ಹೀಗೆ ಒಮ್ಮೆಲೇ ಅಳಿಸುವುದು ಕ್ಯಾಮೆರಾದ ಫ್ಲ್ಯಾಶ್ ಹೊಡೆದಂತಿದೆ ಅಂತ ಅವರ ಸಹೋದ್ಯೋಗಿ ಶೋಜಿ ಅರಿಯಿಜುಮಿ ಹೇಳಿದ್ದರಿಂದ ಅದಕ್ಕೆ ಫ್ಲ್ಯಾಶ್ ಅನ್ನುವ ಹೆಸರೇ ನಿಂತಿತು. 1984ರಲ್ಲಿ ಮೊದಲ ಬಗೆಯನ್ನು ಅವರು ಜಗತ್ತಿನ ಮುಂದಿಟ್ಟರು. ಇಂದು ನಮ್ಮ ಕಾರ್ಡುಗಳಲ್ಲಿರುವ ನ್ಯಾಂಡ್ ಬಗೆ ಬಂದದ್ದು 1987ರಲ್ಲಿ.

ನಾವು ಒಂದನೇ ಇಯತ್ತೆಯಲ್ಲಿ ಬಳಸಿದ ಪಾಟಿ ನೆನಪಿಸಿಕೊಳ್ಳಿ. ಬಳಪದಿಂದ ಒಂದೊಂದೇ ಅಕ್ಷರ ಬರೆಯಬಹುದು. ಆದರೆ ನಡುವಿನ ಒಂದೇ ಅಕ್ಷರ ಅಳಿಸುವಂತಿಲ್ಲ, ಇಡೀ ಪಾಟಿ ಒರೆಸಬೇಕು ಅಂತ ಮಾಸ್ತರರು ನಿಯಮ ಮಾಡಿದರೆ? ಆಗ ಉಳಿಸಿಕೊಳ್ಳಬೇಕಾದ ಅಕ್ಷರಗಳನ್ನೆಲ್ಲ ಮೊದಲು ಇನ್ನೊಂದು ಪಾಟಿಗೆ ನಕಲು ಮಾಡಿ, ಆಮೇಲೆ ಇದನ್ನು ಒರೆಸಬೇಕು. ಮೆಮೊರಿ ಕಾರ್ಡು ಹಗಲೂ ರಾತ್ರಿ ಮಾಡುವುದು ಇದನ್ನೇ. ಖಾಲಿ ಪಾಟಿಗಳು ಸಾಲಾಗಿ ಇದ್ದರೆ ಬರವಣಿಗೆ ಸರಸರ ಸಾಗುತ್ತದೆ. ಕಾರ್ಡು ತುಂಬುತ್ತ ಬಂದ ಹಾಗೆ, ಅಲ್ಲಲ್ಲಿ ಅಳಿಸಿ ಅಲ್ಲಲ್ಲಿ ಬರೆದು ಚೂರುಚೂರಾದ ಹಾಗೆ, ಒಂದು ಸಾಲು ಬರೆಯಲಿಕ್ಕೆ ಒಂದು ಪಾಟಿಯನ್ನೇ ಎತ್ತಿಡಬೇಕಾಗುತ್ತದೆ. ನನ್ನ ಕಾರ್ಡು ಎರಡು ವರ್ಷದಿಂದ ಒಮ್ಮೆಯೂ ಫಾರ್ಮ್ಯಾಟ್ ಕಾಣದೆ ಮುಕ್ಕಾಲು ಪಾಲು ತುಂಬಿತ್ತು.

ಇದರ ಜೊತೆಗೆ ಇನ್ನೊಂದು ಸಂಗತಿ ಇದೆ. ಮೊದಲು ಚಿಪ್ಪಿನ ಒಂದು ಕೋಶದಲ್ಲಿ ಒಂದೇ ಬಿಟ್ ಇಡುತ್ತಿದ್ದರು. ಸೇರಿನಲ್ಲಿ ಜೋಳ ಇದೆಯೋ ಇಲ್ಲವೋ ಅಂತ ನೋಡಿದರೆ ಸಾಕಿತ್ತು. ಬೆಲೆ ಇಳಿಸಲು ಒಂದೇ ಕೋಶದಲ್ಲಿ ಎರಡು, ಮೂರು ಬಿಟ್ ತುರುಕಲು ಶುರು ಮಾಡಿದರು. ಮೂರು ಬಿಟ್ ಎಂದರೆ ಅದೇ ಸೇರಿನಲ್ಲಿ ಎಂಟು ಗೀಟು ಹಾಕಿ, ಜೋಳವನ್ನು ಸರಿಯಾಗಿ ಬೇಕಾದ ಗೀಟಿಗೇ ತುಂಬಿ ನಿಲ್ಲಿಸಬೇಕು. ಓದುವುದು ಅಷ್ಟೇನೂ ಕಷ್ಟವಲ್ಲ, ಬರೆಯುವುದಕ್ಕೆ ಮಾತ್ರ ಹೊತ್ತು ಹಿಡಿಯುತ್ತದೆ. ಅಗ್ಗದ ದೊಡ್ಡ ಕಾರ್ಡುಗಳಲ್ಲಿ ಓದುವ ವೇಗಕ್ಕೂ ಬರೆಯುವ ವೇಗಕ್ಕೂ ಆಕಾಶ ಭೂಮಿಯ ಅಂತರ ಇರುವುದಕ್ಕೆ ಇದೊಂದು ಕಾರಣ.

ಮಸುವೊಕಾ ಅವರಿಗೆ ಇದರಿಂದ ಬಂದದ್ದು ಕಡಿಮೆ. ಕಂಪನಿ ಬಿಟ್ಟು ಪ್ರಾಧ್ಯಾಪಕರಾದರು. ತಮ್ಮ ಆವಿಷ್ಕಾರಕ್ಕೆ ತಕ್ಕ ಪಾಲು ಸಿಗಲಿಲ್ಲವೆಂದು 2004ರಲ್ಲಿ ಹಳೆಯ ಕಂಪನಿಯ ಮೇಲೆಯೇ ದಾವೆ ಹೂಡಿದರು. 2006ರಲ್ಲಿ 8.7 ಕೋಟಿ ಯೆನ್‌ಗೆ ರಾಜಿಯಾಯಿತು. ಅವರು ಕೇಳಿದ್ದು 100 ಕೋಟಿ.

ಫ್ಲ್ಯಾಶ್ ಚಿಪ್ಪನ್ನು ಜೇಬಿನ ಸಾಮಾನು ಮಾಡಿದವರಲ್ಲಿ ನಮ್ಮ ದೇಶದವರೊಬ್ಬರಿದ್ದಾರೆ. ಕಾನ್ಪುರದಲ್ಲಿ ಹುಟ್ಟಿದ ಸಂಜಯ್ ಮೆಹ್ರೋತ್ರಾ, ಎಲಿ ಹರಾರಿ ಮತ್ತು ಜ್ಯಾಕ್ ಯುವಾನ್ ಸೇರಿ 1988ರಲ್ಲಿ ಅಮೆರಿಕದಲ್ಲಿ ಸನ್‌ಡಿಸ್ಕ್ ಅಂತ ಕಂಪನಿ ಶುರು ಮಾಡಿದರು. ಹೆಸರು 1995ರಲ್ಲಿ ಸ್ಯಾನ್‌ಡಿಸ್ಕ್ ಆಯಿತು. 1994ರಲ್ಲಿ ಅವರ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡು ಬಂತು, ಬೆಂಕಿಪೊಟ್ಟಣದ ಅಗಲದ್ದು. ಡಿಜಿಟಲ್ ಕ್ಯಾಮೆರಾಗಳ ಕಾಲ ಶುರುವಾಗುತ್ತಿತ್ತು.

ವೇಗದ ಮೊದಲ ಅಳತೆ ಹುಟ್ಟಿದ್ದು ಆ ಕ್ಯಾಮೆರಾ ಕಾರ್ಡುಗಳ ಮೇಲೆ. ಆದರೆ ಅಳತೆಗೋಲನ್ನು ಎರವಲು ತಂದದ್ದು ಸಿಡಿಯಿಂದ. ಮಾಮೂಲಿ ವೇಗದಲ್ಲಿ ತಿರುಗುವ ಸಿಡಿಯಿಂದ ಸೆಕೆಂಡಿಗೆ 150 ಕೆಬಿ ಮಾಹಿತಿ ಹೊರಬರುತ್ತದೆ. ಅದು ಒಂದು ಎಕ್ಸ್. ಎರಡು ಪಟ್ಟು ಜೋರಾಗಿ ತಿರುಗಿದರೆ ಎರಡು ಎಕ್ಸ್. ಸಿಡಿ ಡ್ರೈವಿನ ಮೇಲೆ 52 ಎಕ್ಸ್ ಅಂತ ಬರೆದಿರುತ್ತಿದ್ದದ್ದು ಇದನ್ನೇ. ಲೆಕ್ಸರ್ ಮೊದಲಾದ ಕಂಪನಿಗಳು ತಿರುಗದೇ ಇರುವ ಕಾರ್ಡಿನ ಮೇಲೂ ಇದನ್ನೇ ಅಂಟಿಸಿದವು. 133 ಎಕ್ಸ್ ಅಂದರೆ ಸೆಕೆಂಡಿಗೆ 20 ಎಂಬಿ. ಗುಣಿಸಿ ನೋಡುವ ತಾಳ್ಮೆ ಯಾರಿಗಿದೆ? ಅಂಕಿ ದೊಡ್ಡದಿದ್ದಷ್ಟೂ ಕಾರ್ಡು ಒಳ್ಳೆಯದು ಅಂತ ಗಿರಾಕಿ ಅಂದುಕೊಂಡರಾಯಿತು. ಓದುವ ವೇಗವೋ ಬರೆಯುವ ವೇಗವೋ ಅನ್ನುವುದನ್ನೂ ಅದು ತಾನಾಗಿ ಹೇಳುತ್ತಿರಲಿಲ್ಲ. ಎತ್ತಿನ ಗಾಡಿಯ ವೇಗದಲ್ಲಿ ವಿಮಾನವನ್ನು ಅಳೆದಂತೆ.

ಈಗ ನಮ್ಮ ಫೋನುಗಳಲ್ಲಿರುವ ಕಾರ್ಡಿನ ಅಪ್ಪನ ಸರದಿ. 1999ರಲ್ಲಿ ಪ್ಯಾನಸೋನಿಕ್, ಸ್ಯಾನ್‌ಡಿಸ್ಕ್, ತೊಶಿಬಾ ಮೂವರೂ ಸೇರಿ ಎಸ್‌ಡಿ ಕಾರ್ಡನ್ನು ಪ್ರಕಟಿಸಿದರು. ಮರುವರ್ಷ ಅದನ್ನು ನೋಡಿಕೊಳ್ಳಲು ಎಸ್‌ಡಿ ಅಸೋಸಿಯೇಶನ್ ಹುಟ್ಟಿತು. ಎಸ್‌ಡಿ ಎಂದರೆ ಸೆಕ್ಯೂರ್ ಡಿಜಿಟಲ್. ಸೆಕ್ಯೂರ್ ಯಾಕೆ? ಇಂಟರ್‌ನೆಟ್ಟಿನಲ್ಲಿ ಹಾಡುಗಳನ್ನು ಪುಕ್ಕಟೆ ಹಂಚಿಕೊಳ್ಳುವುದು ಶುರುವಾಗಿ ಸಂಗೀತದ ಕಂಪನಿಗಳು ಕಂಗಾಲಾಗಿದ್ದ ಕಾಲ ಅದು. ಹಾಡು ನಕಲಾಗದಂತೆ ಬೀಗ ಹಾಕುವ ವ್ಯವಸ್ಥೆಯನ್ನು ಈ ಕಾರ್ಡಿನೊಳಗೇ ಇಟ್ಟಿದ್ದರು. ಗುರುತಿನ ಚಿತ್ರದಲ್ಲಿ ಡಿ ಅಕ್ಷರ ಡಿಸ್ಕಿನ ಹಾಗೆ ಕಾಣುವುದಕ್ಕೂ ಒಂದು ತಮಾಷೆಯ ಕಾರಣ ಇದೆ. ಆ ಚಿತ್ರ ಮೊದಲು ಬರೆದದ್ದು ತೊಶಿಬಾದ ಸೂಪರ್ ಡೆನ್ಸಿಟಿ ಡಿಸ್ಕ್ ಅನ್ನುವ, ಡಿವಿಡಿ ಬಂದಮೇಲೆ ಆ ಹೆಸರಿನಲ್ಲಿ ಉಳಿಯದ, ತಟ್ಟೆಗಾಗಿ. ಕೆಲಸಕ್ಕೆ ಬಾರದೆ ಬಿದ್ದಿದ್ದ ಚಿತ್ರವನ್ನು ಕಾರ್ಡಿಗೆ ಹಚ್ಚಿದರು.

ಹಾಡಿನ ನಕಲು ತಡೆಯಲು ಹುಟ್ಟಿದ ಈ ಕಾರ್ಡು ನಮ್ಮ ಕಡೆ ಏನು ಮಾಡಿತು ಅಂತ ನಮ್ಮ ತಲೆಮಾರಿಗೆ ಹೇಳಬೇಕಾಗಿಲ್ಲ.

ಮೊದಲು ಅದು ಫೋನಿನೊಳಗೆ ಹೋಗುವಷ್ಟು ಚಿಕ್ಕದಾಗಬೇಕಿತ್ತು. 2004ರಲ್ಲಿ ಸ್ಯಾನ್‌ಡಿಸ್ಕ್ ಮೊಟೊರೊಲಾ ಫೋನಿಗಾಗಿ ಟ್ರಾನ್ಸ್‌ಫ್ಲ್ಯಾಶ್ ಎಂಬ ಉಗುರಿನಷ್ಟು ಕಾರ್ಡು ತಂದಿತು. 15 ಮಿಲಿಮೀಟರ್ ಉದ್ದ, 11 ಅಗಲ, ಒಂದು ದಪ್ಪ. ಮರುವರ್ಷ ಅಸೋಸಿಯೇಶನ್ ಅದನ್ನು ಮೈಕ್ರೊ ಎಸ್‌ಡಿ ಅಂತ ದತ್ತು ತೆಗೆದುಕೊಂಡಿತು. ನಮ್ಮೂರ ಬಸ್‌ಸ್ಟ್ಯಾಂಡಿನ ಅಂಗಡಿಗಳಿಗೆ ಅದು ಬಂದು ತಲುಪಲು ಇನ್ನೂ ಮೂರ್ನಾಲ್ಕು ವರ್ಷ ಬೇಕಾಯಿತು. ಬಂದಮೇಲೆ ಮಾತ್ರ ಊರೇ ಬದಲಾಯಿತು. ಕ್ಯಾಸೆಟ್ ಅಂಗಡಿಯ ಬೋರ್ಡಿನ ಕೆಳಗೆ "ಇಲ್ಲಿ ಮೊಬೈಲ್ ಡೌನ್‌ಲೋಡ್ ಮಾಡಲಾಗುವುದು" ಅಂತ ಹೊಸ ಸಾಲು ಬಂತು. ಅದು ಇಂಟರ್‌ನೆಟ್ಟಿನ ಡೌನ್‌ಲೋಡ್ ಅಲ್ಲ. ಅಂಗಡಿಯ ಕಂಪ್ಯೂಟರಿನಲ್ಲಿ ಮೊದಲೇ ಹಾಡುಗಳನ್ನು ತುಂಬಿಟ್ಟಿರುತ್ತಿದ್ದರು. ರಾಜ್ ಹಿಟ್ಸ್, ಜಾನಪದ, ಭಕ್ತಿಗೀತೆ, ನಾಟಕ, ಡಿಜೆ ಅಂತ ಫೋಲ್ಡರುಗಳು. ಸಂತೆಯ ದಿನ ಜನ ಕಾರ್ಡು ತಂದುಕೊಟ್ಟು, ಕಾಯಿಪಲ್ಲೆ ತೊಗೊಂಡು ಬರುತ್ತೇವೆ ಅಂತ ಹೋಗುತ್ತಿದ್ದರು. ನಾನು ಪಿಯುಸಿಯಲ್ಲಿದ್ದಾಗ ಅಂಥ ಒಂದು ಅಂಗಡಿಯಲ್ಲಿ ರಜೆಯ ದಿನ ಕೂರುತ್ತಿದ್ದೆ. ಕಾರ್ಡು ಯಾರದು ಅಂತ ತಿಳಿಯಲು ಅವನ್ನು ಹೆಸರು ಬರೆದ ಬೀಡಿಪೊಟ್ಟಣದ ಕಾಗದದ ಮೇಲೆ ಸಾಲಾಗಿ ಇಡುತ್ತಿದ್ದೆವು. ಒಮ್ಮೆ ಫ್ಯಾನ್ ಹಾಕಿದಾಗ ಹನ್ನೊಂದು ಕಾರ್ಡು ಹಾರಿ ಬೆರೆತುಹೋಗಿ ದೊಡ್ಡ ರಾಮಾಯಣವೇ ಆಗಿತ್ತು.

ನಿಧಾನ ಅನ್ನುವುದು ನನಗೆ ಮೊದಲು ಅರ್ಥವಾದದ್ದು ಅಲ್ಲಿ. ಎರಡು ಜಿಬಿ ಕಾರ್ಡು ಸೆಕೆಂಡಿಗೆ 4 ಎಂಬಿ ಲೆಕ್ಕದಲ್ಲಿ ತುಂಬಿದರೆ ಎಂಟೂವರೆ ನಿಮಿಷ ಬೇಕು. ಸಂತೆಯ ದಿನ ಮೂವತ್ತು ಕಾರ್ಡು ಬಂದರೆ ನಾಲ್ಕು ತಾಸಿಗೂ ಮೇಲೆ. ಹಾಗಾಗಿ ಮಾಲೀಕರು ಒಂದಕ್ಕಿಂತ ಹೆಚ್ಚು ಕಾರ್ಡ್ ರೀಡರು ಚುಚ್ಚಿ ಇಡುತ್ತಿದ್ದರು. ಎಲ್ಲದಕ್ಕೂ ಒಟ್ಟಿಗೇ ಹಾಕಿದರೆ ಹಳೇ ಹಾರ್ಡ್ ಡಿಸ್ಕು ಕರಕರ ಅಂದು ಎಲ್ಲವೂ ನಿಂತೇ ಹೋಗುತ್ತಿತ್ತು, ಎರಡೆರಡಾಗಿ ಹಾಕುವುದೇ ಲಾಭ ಅಂತ ಅವರು ಅನುಭವದಿಂದ ಕಂಡುಕೊಂಡಿದ್ದರು. ಸಿನಿಮಾ ಬೇಗ ಏರುತ್ತದೆ, ಅಷ್ಟೇ ಜಿಬಿಯ ರಿಂಗ್‌ಟೋನ್ ಏರಲು ಜೀವ ತಿನ್ನುತ್ತದೆ ಅಂತಲೂ ಅವರಿಗೆ ಗೊತ್ತಿತ್ತು. "ಸಣ್ಣ ಗಂಟು ಜಾಸ್ತಿ ಇದ್ರ ಹಮಾಲಿ ಜಾಸ್ತಿ, ತಮ್ಮಾ" ಅನ್ನುತ್ತಿದ್ದರು. ಮಾತು ಸರಿಯೇ. ಪ್ರತಿ ಫೈಲು ಬರೆದಾಗಲೂ ಕಾರ್ಡಿನ ಮೊದಲಲ್ಲಿರುವ ಪಟ್ಟಿಯಲ್ಲಿ ಅದರ ಹೆಸರು, ಜಾಗ, ಅಳತೆ ನಮೂದಿಸಬೇಕು. ಆ ಪಟ್ಟಿಯೂ ಪಾಟಿಯ ಮೇಲೆಯೇ ಇರುವುದು. ಮತ್ತೆ ಒರೆಸು, ಮತ್ತೆ ಬರೆ.

ಅದೇ ಹೊತ್ತಿಗೆ ಕಾರ್ಡಿನ ಮೇಲೆ ಹೊಸ ಗುರುತು ಕಾಣಿಸಿಕೊಂಡಿತು. ಸಿ ಅಕ್ಷರದ ಹೊಟ್ಟೆಯೊಳಗೆ 2, 4 ಅಥವಾ 6. ಇದು 2006ರದ್ದು. ಆ ವರ್ಷ 2 ಜಿಬಿಯ ಮಿತಿ ದಾಟಿ 32ರವರೆಗೆ ಹೋಗುವ ಎಸ್‌ಡಿಎಚ್‌ಸಿ ಬಂತು. ಹಳೇ ಫೋನಿಗೆ 4 ಜಿಬಿ ಕಾರ್ಡು ಹಾಕಿ, ಕಾರ್ಡೇ ಇಲ್ಲ ಅಂತ ಫೋನು ಹೇಳಿದಾಗ ಅಂಗಡಿಯವರ ಜೊತೆ ಜಗಳಕ್ಕೆ ನಿಂತವರು ನಮ್ಮಲ್ಲಿ ಬಹಳ ಜನ ಇರಬೇಕು. ತಪ್ಪು ಅಂಗಡಿಯವರದಲ್ಲ, ಹಳೇ ಫೋನಿಗೆ ಆ ಹೊಸ ಭಾಷೆ ಬರುತ್ತಿರಲಿಲ್ಲ.

ಸಿ ಅಕ್ಷರದೊಳಗಿನ ಅಂಕಿ ಯಾವುದಕ್ಕೆ? ವಿಡಿಯೊ ಕ್ಯಾಮೆರಾಗಳು ಟೇಪು ಬಿಟ್ಟು ಕಾರ್ಡಿಗೆ ಬರುತ್ತಿದ್ದ ಹೊತ್ತು ಅದು. ಫೋಟೊ ತೆಗೆದರೆ ಎರಡು ಸೆಕೆಂಡು ತಡವಾಗಿ ಬರೆದರೂ ನಡೆಯುತ್ತದೆ. ವಿಡಿಯೊ ಹಾಗಲ್ಲ, ಕಾಲುವೆಯ ನೀರಿನ ಹಾಗೆ ಬರುತ್ತಲೇ ಇರುತ್ತದೆ, ಈ ಕಡೆ ಹೀರಿಕೊಳ್ಳದಿದ್ದರೆ ಒಡ್ಡು ಒಡೆಯುತ್ತದೆ. ರೆಕಾರ್ಡಿಂಗ್ ನಡುವೆಯೇ ನಿಂತುಬಿಡುತ್ತದೆ. ಹಾಗಾಗಿ ಕ್ಯಾಮೆರಾದವರು ಕೇಳಿದ್ದು ಗರಿಷ್ಠ ವೇಗವನ್ನಲ್ಲ, ಕನಿಷ್ಠ ವೇಗವನ್ನು. ಎಷ್ಟೇ ಕಷ್ಟವಾದರೂ ಇದಕ್ಕಿಂತ ಕೆಳಗೆ ಇಳಿಯುವುದಿಲ್ಲ ಅನ್ನುವ ಭರವಸೆಯನ್ನು. ಸಿ 4 ಎಂದರೆ ಒಂದೇ ಸಮನೆ ಬರೆಯುವಾಗ ಸೆಕೆಂಡಿಗೆ ಕನಿಷ್ಠ 4 ಎಂಬಿ. ಸಿ 10 ಬಂದದ್ದು ಕೆಲವು ವರ್ಷ ಬಿಟ್ಟು.

ಈ ಭರವಸೆಯ ಹಿಂದೆ ಷರತ್ತುಗಳಿವೆ. ಕಾರ್ಡನ್ನು ಕ್ರಮವಾಗಿ ಫಾರ್ಮ್ಯಾಟ್ ಮಾಡಿರಬೇಕು, ಖಾಲಿ ಜಾಗ ತುಂಡಾಗದೆ ಗಟ್ಟಿಯಾಗಿ ಸಿಗಬೇಕು, ಬರೆಯುವ ಯಂತ್ರ ಆ ಜಾಗವನ್ನು ಸಾಲಾಗಿ ತುಂಬುತ್ತ ಹೋಗಬೇಕು. ಕ್ಯಾಮೆರಾ ಅದನ್ನು ಪಾಲಿಸುತ್ತದೆ. ಫೋನು ಸಾವಿರ ಸಣ್ಣ ಫೈಲುಗಳನ್ನು ಎಲ್ಲೆಂದರಲ್ಲಿ ತುರುಕುತ್ತದೆ. ಆ ಅಂಕಿ ಫೋನಿನ ಮೇಲೆ ಕೊಟ್ಟ ಮಾತೇ ಅಲ್ಲ.

ಆಮೇಲಿನ ಹತ್ತು ವರ್ಷದಲ್ಲಿ ಗುರುತುಗಳು ಮಳೆಗಾಲದ ಅಣಬೆಯ ಹಾಗೆ ಎದ್ದವು, ಬೇಗ ಬೇಗ ನೋಡಿಬಿಡೋಣ. ಯುಎಚ್‌ಎಸ್ ಅನ್ನುವ ಹೊಸ ಓಣಿ ಬಂತು. ಅದರ ಒಂದನೇ ಬಗೆಯಲ್ಲಿ ಸೆಕೆಂಡಿಗೆ 104 ಎಂಬಿವರೆಗೆ ಹರಿಯಬಹುದು. ಎರಡನೇ ಬಗೆಗೆ ಕಾರ್ಡಿನ ಬೆನ್ನಿನಲ್ಲಿ ಇನ್ನೊಂದು ಸಾಲು ಪಿನ್ನುಗಳು ಬೇಕು, ವೇಗ 312ರವರೆಗೆ. ನಾವು ಬಳಸುವ ಫೋನುಗಳ ಬಾಯಿ ಅದಕ್ಕೆ ತಕ್ಕದ್ದಲ್ಲ. ಯು ಅಕ್ಷರದೊಳಗೆ 1 ಅಥವಾ 3 ಬರೆದರು. ಯು 1 ಎಂದರೆ 10 ಎಂಬಿ, ಯು 3 ಎಂದರೆ 30. ಅಂದರೆ ಸಿ 10 ಮತ್ತು ಯು 1 ಒಂದೇ, ಯು 3 ಎರಡಕ್ಕಿಂತಲೂ ಮೇಲು. ಹತ್ತಕ್ಕಿಂತ ಮೂರು ದೊಡ್ಡದು ಅಂತ ಗಿರಾಕಿಗೆ ತಿಳಿಸಿ ಹೇಳುವ ಅಂಗಡಿಯವರ ಪಾಡು ಯಾರಿಗೂ ಬೇಡ. 2016ರಲ್ಲಿ ವಿ ಬಂತು, ಅದು ಕೊಂಚ ಪ್ರಾಮಾಣಿಕ. ವಿ 30 ಎಂದರೆ 30 ಎಂಬಿ, ವಿ 90 ಎಂದರೆ 90. ಇವೆಲ್ಲವೂ ವಿಡಿಯೊಗಾಗಿಯೇ, ಇವೆಲ್ಲವೂ ಬರೆಯುವ ಕನಿಷ್ಠ ವೇಗವೇ.

ಪೊಟ್ಟಣದ ಮೇಲೆ ದಪ್ಪಗೆ ಬರೆದ 80, 100, 160 ಇದ್ಯಾವುದಕ್ಕೂ ಸೇರಿದ್ದಲ್ಲ. ಅದರ ಪಕ್ಕ ಸಣ್ಣ ಅಕ್ಷರದಲ್ಲಿ "ವರೆಗೆ" ಅಂತ ಇರುತ್ತದೆ. ಅದು ಗರಿಷ್ಠ ಓದುವ ವೇಗ. 104 ಎಂಬಿಯ ಓಣಿಯಲ್ಲಿ 160 ಹೇಗೆ ಓಡಿತು? ಕೆಲವು ಕಂಪನಿಗಳ ಆ ಕಾರ್ಡುಗಳು ಅವರದೇ ಬೇರೆ ರೀಡರಿನಲ್ಲಿ ಮಾತ್ರ ಅಷ್ಟು ಓಡುತ್ತವೆ. ನನ್ನ ಕಾರ್ಡಿನ ಮೇಲೆ 80ರ ಕೆಳಗೆ ಪುಟ್ಟದಾಗಿ ಸಿ 10, ಯು 1 ಇತ್ತು. ಅಂದರೆ ಕಂಪನಿ ನನಗೆ ಬರೆಯಲು ಕೊಟ್ಟ ಮಾತು 10 ಎಂಬಿ. ಆ ಲೆಕ್ಕದಲ್ಲಿ 6 ಜಿಬಿಗೆ ಹತ್ತು ನಿಮಿಷ. ಅಷ್ಟಾಗಿದ್ದರೂ ಟ್ರ್ಯಾಕ್ಟರ್ ಕಾಯುತ್ತಿತ್ತು.

ಫೋನಿಗಾಗಿಯೇ ಒಂದು ಅಳತೆ ಬೇಕು ಅಂತ ಅಸೋಸಿಯೇಶನ್‌ಗೆ ಹೊಳೆದದ್ದು ಬಹಳ ತಡವಾಗಿ, 2016ರ ಕೊನೆಗೆ. ಅದಕ್ಕೂ ಒಂದು ಹಿನ್ನೆಲೆ ಇದೆ. 2015ರ ಆಂಡ್ರಾಯ್ಡ್ 6ರಲ್ಲಿ, ಕಾರ್ಡನ್ನೇ ಫೋನಿನ ಒಳಜಾಗದ ಭಾಗವಾಗಿ ಸೇರಿಸಿಕೊಂಡು ಆ್ಯಪ್‌ಗಳನ್ನೂ ಅದರಲ್ಲಿ ಇಡುವ ಸೌಲಭ್ಯ ಬಂತು. 8 ಜಿಬಿ, 16 ಜಿಬಿ ಫೋನು ಇಟ್ಟುಕೊಂಡವರು ಖುಷಿಯಿಂದ ಹಾಗೆ ಮಾಡಿ, ಫೋನು ಎಮ್ಮೆಯಾಗಿದ್ದು ನೋಡಿ ಕಂಗೆಟ್ಟರು. ಆ್ಯಪ್‌ಗೆ ಬೇಕಾದದ್ದು ಕಾಲುವೆಯ ಹರಿವಲ್ಲ, ಸೆಕೆಂಡಿಗೆ ನೂರಾರು ಸಲ ಚಿಟಿಕೆ ಚಿಟಿಕೆಯಾಗಿ ತೆಗೆದು ಇಡುವುದು. ಎ 1 ಅನ್ನುವ ಗುರುತು ಅದನ್ನು ಅಳೆಯುತ್ತದೆ. ಸೆಕೆಂಡಿಗೆ ಕನಿಷ್ಠ 1500 ಸಲ ಸಣ್ಣ ಓದು, 500 ಸಲ ಸಣ್ಣ ಬರಹ. ಮುಂದಿನ ವರ್ಷ ಎ 2 ಬಂತು, 4000 ಮತ್ತು 2000. ಆದರೆ ಎ 2ರ ಆ ವೇಗ ಸಿಗಬೇಕಾದರೆ ಅದಕ್ಕೆ ಬೇಕಾದ ಹೊಸ ಆಜ್ಞೆಗಳು ಫೋನಿಗೂ ಗೊತ್ತಿರಬೇಕು. ಗೊತ್ತಿಲ್ಲದ ಫೋನಿನಲ್ಲಿ ಹೆಚ್ಚಿನ ದುಡ್ಡು ನೀರಿನಲ್ಲಿ ಹೋಮ. ಕಾರ್ಡು ಕೊಳ್ಳುವಾಗ ವರದಿಗಾರರು ಯಾರಾದರೂ ನನ್ನನ್ನು ಕೇಳಿದರೆ, ಯು 3 ಇಲ್ಲವೆ ವಿ 30 ನೋಡಿ, ಎ 1 ಇದ್ದರೆ ಸಾಕು, ದೊಡ್ಡ ಅಕ್ಷರದ್ದನ್ನು ಓದಲೇಬೇಡಿ ಅನ್ನುತ್ತೇನೆ.

ಎ 1 ಬಂದ ಅದೇ 2016ರ ಸೆಪ್ಟೆಂಬರಿನಲ್ಲಿ ಜಿಯೊ ಶುರುವಾಗಿ ಬಸ್‌ಸ್ಟ್ಯಾಂಡಿನ ಡೌನ್‌ಲೋಡ್ ಅಂಗಡಿಗಳ ಕಥೆ ಮುಗಿಯತೊಡಗಿತ್ತು. ನಾನು ಕೂರುತ್ತಿದ್ದ ಅಂಗಡಿ ಈಗ ಮೊಬೈಲ್ ಕವರು, ಗ್ಲಾಸು ಮಾರುತ್ತದೆ.

ಇನ್ನು ಕೇಬಲ್ಲಿನ ವಿಷಯ. ಟ್ರ್ಯಾಕ್ಟರಿನಲ್ಲಿ ಹೋದ ಕಾರ್ಡು ತಾಲ್ಲೂಕು ತಲುಪಿದ ಮೇಲೆ ಗೆಳೆಯನ ಬಳಿ ಕಾರ್ಡ್ ರೀಡರ್ ಇರಲಿಲ್ಲ. ಕಾರ್ಡನ್ನು ತನ್ನ ಫೋನಿಗೆ ಹಾಕಿ, ಫೋನನ್ನು ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಸಿಕ್ಕಿಸಿದ. ಅಲ್ಲಿ ಓದುವುದಷ್ಟೇ ಕೆಲಸ, 80 ಎಂಬಿಯ ಮಾತು ನಿಜವಾಗಬೇಕಿತ್ತು. ಆದರೂ ಮುಕ್ಕಾಲು ತಾಸು ಹಿಡಿಯಿತು. ಇದರ ಇತಿಹಾಸವೇ ಬೇರೆ.

ಹಳೇ ನೋಕಿಯಾ ಫೋನಿಗೆ ಕೇಬಲ್ ಹಾಕಿದಾಗ "ಮಾಸ್ ಸ್ಟೋರೇಜ್" ಅಂತ ಕೇಳುತ್ತಿದ್ದದ್ದು ನೆನಪಿರಬಹುದು. ಅದನ್ನು ಒತ್ತಿದರೆ ಫೋನು ಇಡೀ ಕಾರ್ಡಿನ ಕೀಲಿಕೈಯನ್ನು ಕಂಪ್ಯೂಟರಿನ ಕೈಗೆ ಕೊಟ್ಟು ತಾನು ಹೊರಗೆ ನಿಲ್ಲುತ್ತಿತ್ತು. ಅಷ್ಟು ಹೊತ್ತು ಫೋನಿನಲ್ಲಿ ಹಾಡೂ ಇಲ್ಲ, ಫೋಟೊನೂ ಇಲ್ಲ. ಮೊದಲಿನ ಆಂಡ್ರಾಯ್ಡ್ ಫೋನುಗಳೂ ಹೀಗೇ ಇದ್ದವು. 2011ರ ಆಂಡ್ರಾಯ್ಡ್ 3ರಿಂದ ಗೂಗಲ್ ಆ ದಾರಿ ಬಿಟ್ಟು, ಮೈಕ್ರೋಸಾಫ್ಟ್ ಮಾಡಿದ್ದ ಎಂಟಿಪಿ ಅನ್ನುವ ಪದ್ಧತಿ ಹಿಡಿಯಿತು. ಇದರಲ್ಲಿ ಕೀಲಿಕೈ ಫೋನಿನ ಸೊಂಟದಲ್ಲೇ ಇರುತ್ತದೆ. ಕಂಪ್ಯೂಟರು ಗೋದಾಮಿನ ಬಾಗಿಲಲ್ಲಿ ನಿಂತು, ಆ ಚೀಲ ಕೊಡಿ ಅಂತ ಕೇಳಬೇಕು, ಗೋದಾಮಿನವರು ಒಳಗೆ ಹೋಗಿ ಹುಡುಕಿ ತಂದು ಕೊಡಬೇಕು. ಅದು ಮುಗಿದ ಮೇಲೆಯೇ ಮುಂದಿನ ಚೀಲದ ಮಾತು. ಫೋನಿನ ಸುರಕ್ಷತೆಗೆ ಇದು ಒಳ್ಳೆಯದೇ. ಒಂದೇ ದೊಡ್ಡ ಸಿನಿಮಾ ಇದ್ದರೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಸಾವಿರ ಫೋಟೊ ಇದ್ದರೆ ಸಾವಿರ ಸಲ ಬಾಗಿಲಿಗೂ ಒಳಗೂ ಓಡಾಟ.

ಕೇಬಲ್ಲಿನ ದಾರಿಯೂ ಇಕ್ಕಟ್ಟು. ಯುಎಸ್‌ಬಿ 2ರ ವೇಗ 480 ಅಂತ ಬರೆದಿರುತ್ತಾರೆ, ಅದು ಮೆಗಾಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ 60 ಎಂಬಿ. ಅದರಲ್ಲೂ ಮಾತುಕತೆ, ಹೊಂದಾಣಿಕೆಯ ಖರ್ಚು ಕಳೆದು ಕೈಗೆ ಸಿಗುವುದು ಹೆಚ್ಚೆಂದರೆ 35, 40. ಫೋನಿಗೆ ಹೊಸ ಟೈಪ್ ಸಿ ಬಾಯಿ ಇದೆಯಲ್ಲ ಅಂತ ಹಿಗ್ಗಬೇಡಿ, ಎಷ್ಟೋ ಫೋನುಗಳಲ್ಲಿ ಬಾಯಿ ಮಾತ್ರ ಹೊಸದು, ಗಂಟಲು ಅದೇ ಯುಎಸ್‌ಬಿ 2. ಅಂಕಿ ಉಬ್ಬಿಸುವ ಈ ಬಿಟ್-ಬೈಟ್ ಆಟ ಇಂಟರ್‌ನೆಟ್ ಜಾಹೀರಾತಿನಲ್ಲೂ ಇದೆ. 32 ಜಿಬಿ ಕಾರ್ಡು ಕಂಪ್ಯೂಟರಿನಲ್ಲಿ 29.8 ಅಂತ ತೋರಿಸುವುದೂ ಇಂಥದ್ದೇ. ಕಂಪನಿ ಸಾವಿರದಿಂದ ಗುಣಿಸುತ್ತದೆ, ಕಂಪ್ಯೂಟರು 1024ರಿಂದ ಭಾಗಿಸುತ್ತದೆ. ಅಲ್ಲಿ ಮೋಸವಿಲ್ಲ.

ಮೋಸ ಇರುವುದು ಬೇರೆ ಕಡೆ. ಮೆಮೊರಿ ಕಾರ್ಡು ಬರೀ ಚಿಪ್ಪಲ್ಲ, ಅದರೊಳಗೆ ಒಂದು ಪುಟ್ಟ ಕಂಪ್ಯೂಟರೇ ಇದೆ. ಯಾವ ಪಾಟಿ ಖಾಲಿ, ಯಾವುದು ಕೆಟ್ಟಿದೆ ಅಂತ ಲೆಕ್ಕ ಇಡುವ ಶಾನುಭೋಗ. ಬನ್ನಿ ಎಂಬ ಅಡ್ಡಹೆಸರಿನ ಅಮೆರಿಕದ ಎಂಜಿನಿಯರ್ ಆ್ಯಂಡ್ರ್ಯೂ ಹುವಾಂಗ್ ತಮ್ಮ ಕಾರ್ಖಾನೆಗೆ ಬಂದ ಅನುಮಾನದ ಕಾರ್ಡುಗಳ ಜಾಡು ಹಿಡಿದು ಚೀನಾದ ಶೆನ್‌ಝೆನ್ ಮಾರುಕಟ್ಟೆ ಸುತ್ತಿ, ಕಾರ್ಡುಗಳನ್ನು ಕರಗಿಸಿ ಒಳಗೆ ನೋಡಿ, 2010ರಲ್ಲಿ ಅದನ್ನೆಲ್ಲ ಬರೆದರು. 2013ರ ಡಿಸೆಂಬರಿನಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಗೆಳೆಯರೊಬ್ಬರ ಜೊತೆ ನಿಂತು, ಆ ಶಾನುಭೋಗನಿಗೆ ನಮಗೆ ಬೇಕಾದ ಹಾಗೆ ಹೇಳಿಕೊಡಬಹುದು ಅಂತ ತೋರಿಸಿದರು. ನಕಲಿ ಕಾರ್ಡು ಮಾಡುವವರ ಗುಟ್ಟೂ ಈ ಶಾನುಭೋಗನೇ. 4 ಜಿಬಿ ಚಿಪ್ಪು ಇಟ್ಟು 64 ಅಂತ ಹೇಳಿಸುವುದು. ನಾಲ್ಕು ತುಂಬುವವರೆಗೆ ಎಲ್ಲವೂ ಸರಿ, ಆಮೇಲೆ ಬರೆದದ್ದು ಗಾಳಿಗೆ, ಇಲ್ಲವೆ ಹಳೆಯದರ ಮೇಲೆ. ಎಚ್‌2ಟೆಸ್ಟ್‌ಡಬ್ಲ್ಯು, ಎಫ್3 ಅನ್ನುವ ಪುಕ್ಕಟೆ ತಂತ್ರಾಂಶಗಳಿವೆ, ಕಾರ್ಡನ್ನು ಪೂರ್ತಿ ತುಂಬಿ ಮತ್ತೆ ಓದಿ ತಾಳೆ ನೋಡುತ್ತವೆ, ವೇಗವನ್ನೂ ಹೇಳುತ್ತವೆ. ನಾನು ಪರೀಕ್ಷೆ ಮಾಡಿದ್ದು ಇದರಲ್ಲೇ. ಖಾಲಿ ಮಾಡಿ ಫಾರ್ಮ್ಯಾಟ್ ಮಾಡಿದ ಮೇಲೆ ನನ್ನ ಕಾರ್ಡು ಸೆಕೆಂಡಿಗೆ 12 ಎಂಬಿ ಬರೆಯಿತು. ಕೊಟ್ಟ ಮಾತಿಗಿಂತ ಎರಡು ಹೆಚ್ಚೇ.

ಹಾಗಾದರೆ ಆ ದಿನ ಐವತ್ತು ನಿಮಿಷ ನುಂಗಿದ್ದು ಯಾರು? ಮುಕ್ಕಾಲು ತುಂಬಿದ ಕಾರ್ಡಿನ ಪಾಲು ಸ್ವಲ್ಪ. ದೊಡ್ಡ ಪಾಲು ನನ್ನದೇ. ಗ್ಯಾಲರಿಯಲ್ಲಿ ಎಲ್ಲವನ್ನೂ ಆಯ್ಕೆ ಮಾಡು ಅಂತ ಒತ್ತಿದ್ದೆ. ಅದರಲ್ಲಿ ವಾಟ್ಸ್‌ಆ್ಯಪ್ ಚಿತ್ರಗಳೂ ಸೇರಿಹೋಗಿದ್ದವು. ಮೂರು ವರ್ಷದಿಂದ ಬಂದು ಬಿದ್ದಿದ್ದ ಸಾವಿರಾರು ಶುಭೋದಯ, ಹಬ್ಬದ ಶುಭಾಶಯ, ಗುಲಾಬಿ ಹೂವು. ಊರು ಮುಳುಗುತ್ತಿರುವಾಗ ಫೋನು ಕೂತು ಒಂದೊಂದೇ ಶುಭೋದಯವನ್ನು ಪಟ್ಟಿಗೆ ಸೇರಿಸುತ್ತಿತ್ತು.

ಇನ್ನೊಂದು ತಪ್ಪು, ನಾನು ಒತ್ತಿದ್ದು ನಕಲು ಅಲ್ಲ, ಸ್ಥಳಾಂತರ. ಒಂದು ಫೈಲು ಆ ಕಡೆ ಹೋದ ಕೂಡಲೇ ಈ ಕಡೆಯದು ಅಳಿಯುತ್ತದೆ. ಹೋಯಿತು ಅಂತ ಫೋನು ಅಂದುಕೊಂಡರೂ, ಕೊನೆಯ ತುಣುಕುಗಳು ಇನ್ನೂ ಫೋನಿನ ತಾತ್ಕಾಲಿಕ ನೆನಪಿನಲ್ಲೇ ಇದ್ದು ಕಾರ್ಡಿನ ಮೇಲೆ ಇಳಿದಿರುವುದಿಲ್ಲ. ಕಾರ್ಡು ಕೀಳುವ ಮೊದಲು ಸೆಟ್ಟಿಂಗಿನಲ್ಲಿ ಹೋಗಿ ಬಿಡಿಸು ಅಂತ ಹೇಳಬೇಕಾದ್ದು ಇದಕ್ಕೇ. ನಾನು ಉಗುರಿನಿಂದ ಒತ್ತಿ ಕಿತ್ತಿದ್ದೆ. ಮೂರು ವಿಡಿಯೊ ಹೆಸರಿಗೆ ಕಾರ್ಡಿನಲ್ಲಿದ್ದವು, ಅಳತೆ ಸೊನ್ನೆ. ಫೋನಿನಲ್ಲಿ ಇರಲಿಲ್ಲ. ಅಳಿಸಿದ್ದನ್ನು ಹುಡುಕುವ ತಂತ್ರಾಂಶಗಳನ್ನು ಎಷ್ಟು ಓಡಿಸಿದರೂ ಸಿಗಲಿಲ್ಲ. ಅಷ್ಟರಲ್ಲಿ ಅವುಗಳ ಜಾಗದಲ್ಲಿ ಆ ಸಂಜೆಯ ಚಿತ್ರಗಳನ್ನು ನಾನೇ ತುಂಬಿದ್ದೆ.

ಆ ಮೂರರಲ್ಲಿ ಒಂದು, ಓಣಿಯ ತುದಿಯ ಮಣ್ಣಿನ ಮನೆಯದು. ನೀರು ಹೊಸ್ತಿಲಿಗೆ ಬಂದಿತ್ತು, ಗೋಡೆ ಇನ್ನೂ ನಿಂತಿತ್ತು, ಆ ಮನೆಯ ಅಜ್ಜಿ ಒಳಗಿನಿಂದ ಕಾಳಿನ ಚೀಲ ಎಳೆಯುತ್ತಿದ್ದರು. ನನ್ನ ಕಣ್ಣ ಮುಂದೆಯೇ ಹಿಂದಿನ ಗೋಡೆ ಕುಸಿಯಿತು. ನೀರು ಇಳಿದ ಮೇಲೆ ಸರ್ವೆ ಆಯಿತು. ಪೂರ್ತಿ ಬಿದ್ದ ಮನೆಗೆ 5 ಲಕ್ಷ, ಭಾಗಶಃ ಬಿದ್ದದ್ದಕ್ಕೆ ಕಡಿಮೆ, ಎ, ಬಿ, ಸಿ ಅಂತ ವರ್ಗ. ಸರ್ವೆಗೆ ಬರುವ ಹೊತ್ತಿಗೆ ಅಜ್ಜಿಯ ಮಗ ಬಿದ್ದ ಮಣ್ಣನ್ನು ತೆಗೆದು, ತಗಡು ಹೊದಿಸಿ ಸಂಸಾರ ಹೂಡಿದ್ದರು. ಹೊಳೆಗೆ ಬಿದ್ದದ್ದು ಎಷ್ಟು, ಮೊದಲೇ ಬಿದ್ದದ್ದು ಎಷ್ಟು ಅನ್ನುವ ಪ್ರಶ್ನೆ ಬಂತು.

ತಿಂಗಳ ಮೇಲೆ ಆ ಊರಿಗೆ ಮತ್ತೆ ಹೋದಾಗ ಅಜ್ಜಿ ದೂರದಿಂದಲೇ ಗುರುತು ಹಿಡಿದರು. "ತಮ್ಮಾ, ಅವತ್ತ ನೀ ಮೊಬೈಲ್‌ನ್ಯಾಗ ಹಿಡಿದಿದ್ದೆಲ್ಲ, ನಮ್ಮ ಗ್ವಾಡಿ ಬಿದ್ದದ್ದು. ಅದನ್ನ ಸಾಹೇಬ್ರಿಗೆ ಒಂದೀಟ ತೋರಸ್ತೀ ಏನಪಾ?" ಅಂದರು. ಫೋನ್ ಜೇಬಿನಲ್ಲೇ ಇತ್ತು. ತೆಗೆದು, ಇದ್ದ ಚಿತ್ರಗಳನ್ನು ಒಂದೊಂದಾಗಿ ಸರಿಸುತ್ತ ತೋರಿಸಿದೆ. ಪಕ್ಕದ ಮನೆಯ ಫೋಟೊ ಒಂದರ ಅಂಚಿನಲ್ಲಿ ಅವರ ಬಾಗಿಲ ಚೌಕಟ್ಟು ಅರ್ಧ ಕಾಣುತ್ತಿತ್ತು. ಅದನ್ನೇ ಪ್ರಿಂಟ್ ಹಾಕಿಸಿ, ನಾನು ಆ ದಿನ ಅಲ್ಲಿದ್ದೆ ಅಂತ ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿ, ಅವರ ಅರ್ಜಿಗೆ ಹಚ್ಚಿ ಕೊಟ್ಟೆ.